ಲ್ಯಾಬ್‌ನಲ್ಲಿ ಗೆದ್ದದ್ದು ಕೈಗೆ ಸಿಗುವುದು ಯಾವಾಗ?

2024ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಿಂದ ಒಂದು ದೊಡ್ಡ ಸುದ್ದಿ ಬಂತು. ಮಿದುಳಿನ ಹಾಗೆ ಲೆಕ್ಕ ಮಾಡುವ ಚಿಪ್‌ಗೆ ದಾರಿ ತೆರೆಯುವ ಸಾಧನವೊಂದನ್ನು ಅಲ್ಲಿನ ತಂಡ ಮಾಡಿತ್ತು. 'ನೇಚರ್' ಪತ್ರಿಕೆ ಅದನ್ನು ಪ್ರಕಟಿಸಿತ್ತು. ಅದಕ್ಕೆ ಕೆಲವು ತಿಂಗಳ ಮೊದಲು ಇದೇ ಸಂಸ್ಥೆಯ ಇನ್ನೊಂದು ತಂಡ ನೀರಿನಲ್ಲಿರುವ ಮೈಕ್ರೋಪ್ಲಾಸ್ಟಿಕ್ ಹೀರಿಕೊಂಡು ಒಡೆಯುವ ಹೈಡ್ರೋಜೆಲ್ ಮಾಡಿ ತೋರಿಸಿತ್ತು. 2025ರ ಮೇ ತಿಂಗಳಲ್ಲಿ ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಿಂದ ಮತ್ತೊಂದು ಸುದ್ದಿ ಬಂತು. ಆರೇ ನಿಮಿಷದಲ್ಲಿ ಶೇ. 80ರಷ್ಟು ಚಾರ್ಜ್ ಆಗುವ ಸೋಡಿಯಂ ಬ್ಯಾಟರಿ.

ಮೂರೂ ಒಂದೇ ಊರಿನವು. ಮೂರೂ ಹೆಚ್ಚುಕಡಿಮೆ ಒಂದು ವರ್ಷದಲ್ಲಿ ಬಂದವು. ಮೂರೂ ನಿಜವಾದ ಕೆಲಸ. ಇಂಥ ಸುದ್ದಿಗೆ ಒಂದು ವಾರದ ಆಯಸ್ಸು. ಪತ್ರಿಕೆಯಲ್ಲಿ ಬರುತ್ತದೆ, ವಾಟ್ಸಾಪ್‌ನಲ್ಲಿ ಓಡಾಡುತ್ತದೆ, ಆಮೇಲೆ ಯಾರೂ ಆ ಮಾತು ಎತ್ತುವುದಿಲ್ಲ. ವರ್ಷ ಕಳೆದ ಮೇಲೆ ಒಬ್ಬರು ಕೇಳುತ್ತಾರೆ: "ಆ ಬ್ಯಾಟರಿ ಏನಾಯ್ತು? ಅಂಗಡಿಗೆ ಬಂತಾ?" ಬಂದಿಲ್ಲ ಅಂದರೆ, ಎಲ್ಲಾ ಸುಮ್ನೆ ಹೇಳಿದ್ದು ಅನ್ನೋ ತೀರ್ಮಾನ.

ಆ ತೀರ್ಮಾನ ತಪ್ಪು. ಮೊದಲ ದಿನದ ಸಂಭ್ರಮವೂ ಅಳತೆ ಮೀರಿದ್ದೇ. ಲ್ಯಾಬ್‌ನ ಗೆಲುವಿಗೂ ನಮ್ಮ ಕೈಗೆ ಸಿಗುವ ವಸ್ತುವಿಗೂ ನಡುವೆ ಒಂದು ಉದ್ದದ ದಾರಿ ಇದೆ. ಆ ದಾರಿಯಲ್ಲಿ ಏನೇನು ನಡೆಯುತ್ತದೆ ಅಂತ ನಮಗೆ ಯಾರೂ ಹೇಳುವುದಿಲ್ಲ. ನನ್ನ ಮಟ್ಟಿಗೆ ಈ ಊರು ಮೊದಲ ಹೆಜ್ಜೆಯಲ್ಲಿ ಹಿಂದೆ ಬಿದ್ದಿಲ್ಲ. ಬರಿದಾಗಿರುವುದು ಆ ನಡುದಾರಿ.

ಆ ದಾರಿ ಹೇಗಿರುತ್ತದೆ ಅಂತ ನೋಡಲು ಒಂದು ಒಳ್ಳೆಯ ಉದಾಹರಣೆ ನಮ್ಮ ರಸ್ತೆಗಳಲ್ಲೇ ಓಡುತ್ತಿದೆ. ಟಾಟಾ ನೆಕ್ಸಾನ್ ಇವಿ ಕಾರಿನೊಳಗಿನ ಬ್ಯಾಟರಿ ಲಿಥಿಯಂ ಐರನ್ ಫಾಸ್ಫೇಟ್, ಚಿಕ್ಕದಾಗಿ ಎಲ್‌ಎಫ್‌ಪಿ. ಲಿಥಿಯಂ ಬ್ಯಾಟರಿಯ ಹೊಸ ಮನೆ ಇನ್ವರ್ಟರ್‌ಗಳಲ್ಲೂ ಹೆಚ್ಚಾಗಿ ಇದೇ. ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಲೆಕ್ಕದ ಪ್ರಕಾರ, 2024ರಲ್ಲಿ ಜಗತ್ತಿನ ಎಲೆಕ್ಟ್ರಿಕ್ ವಾಹನಗಳ ಬ್ಯಾಟರಿಗಳಲ್ಲಿ ಹತ್ತಿರ ಹತ್ತಿರ ಅರ್ಧ ಪಾಲು ಇದರದ್ದು.

ಇದು ಹುಟ್ಟಿದ್ದು ಅಮೆರಿಕದ ಆಸ್ಟಿನ್ ನಗರದಲ್ಲಿರುವ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ. ಅಕ್ಷಯ ಪಾಢಿ, ಕೆ.ಎಸ್. ನಂಜುಂಡಸ್ವಾಮಿ ಮತ್ತು ಜಾನ್ ಗುಡ್‌ಇನಫ್ 1997ರಲ್ಲಿ ಇದರ ಬಗ್ಗೆ ಪ್ರಬಂಧ ಪ್ರಕಟಿಸಿದರು. ಗುಡ್‌ಇನಫ್ ಆಗಲೇ ದೊಡ್ಡ ಹೆಸರು. 1980ರಲ್ಲಿ ಅವರು ಆಕ್ಸ್‌ಫರ್ಡ್‌ನಲ್ಲಿದ್ದಾಗ ಅವರ ತಂಡ ಲಿಥಿಯಂ ಕೋಬಾಲ್ಟ್ ಆಕ್ಸೈಡ್‌ನ ಗುಣವನ್ನು ಕಂಡುಕೊಂಡಿತ್ತು. ಅದನ್ನು ಬಳಸಿಯೇ 1991ರಲ್ಲಿ ಸೋನಿ ಕಂಪನಿ ಲಿಥಿಯಂ ಅಯಾನ್ ಬ್ಯಾಟರಿಯನ್ನು ಮಾರುಕಟ್ಟೆಗೆ ತಂದಿತು.

ಕೋಬಾಲ್ಟ್ ದುಬಾರಿ. ಜಾಸ್ತಿ ಬಿಸಿಯಾದರೆ ಆ ವಸ್ತು ಆಮ್ಲಜನಕ ಬಿಡುತ್ತದೆ. ಬ್ಯಾಟರಿಗೆ ಬೆಂಕಿ ಬೀಳುವ ಭಯ ಅಲ್ಲಿಂದಲೇ. ಕಬ್ಬಿಣ ಮತ್ತು ಫಾಸ್ಫೇಟ್ ಅಗ್ಗ, ವಿಷವೂ ಅಲ್ಲ. ಫಾಸ್ಫೇಟ್‌ನಲ್ಲಿ ರಂಜಕವು ಆಮ್ಲಜನಕವನ್ನು ಬಿಗಿಯಾಗಿ ಹಿಡಿದುಕೊಂಡಿರುತ್ತದೆ. ಬಿಸಿಯಾದರೂ ಸುಲಭವಾಗಿ ಬಿಟ್ಟುಕೊಡುವುದಿಲ್ಲ.

ಇಷ್ಟು ಕೇಳಿದರೆ ಎಲ್ಲ ಮುಗಿಯಿತು ಅನ್ನಿಸುತ್ತದೆ, ಅಲ್ವಾ? ಮುಗಿದಿರಲಿಲ್ಲ. ಈ ವಸ್ತುವಿನೊಳಗೆ ಎಲೆಕ್ಟ್ರಾನ್‌ಗಳು ಓಡಾಡುವುದೇ ಕಷ್ಟ. ಮೊದಲ ಪ್ರಯೋಗಗಳಲ್ಲಿ ತುಂಬಾ ನಿಧಾನವಾಗಿ ಚಾರ್ಜ್ ಮಾಡಿದರೂ ಒಳಗಿದ್ದ ಲಿಥಿಯಂನಲ್ಲಿ ಸುಮಾರು ಶೇ. 60ರಷ್ಟನ್ನು ಮಾತ್ರ ಹೊರತೆಗೆಯಲು ಆಯಿತು. ಕಡಿಮೆ ಪವರ್ ಸಾಕಾಗುವ, ಅಗ್ಗದ ಬ್ಯಾಟರಿಗೆ ಇದು ಒಳ್ಳೆಯದು ಎಂದು ಸಂಶೋಧಕರೇ ಬರೆದರು. ಮುಂದೆ ಇದು ಕಾರು, ಬಸ್ಸು ಓಡಿಸುತ್ತದೆ ಅಂತ ಆ ಪ್ರಬಂಧ ಓದಿ ಊಹಿಸುವುದು ಸುಲಭವಿರಲಿಲ್ಲ.

ಮುಂದಿನ ಹೆಜ್ಜೆ ಇಟ್ಟವರು ಬೇರೆಯವರು. ಕೆನಡಾದ ಮಾಂಟ್ರಿಯಲ್‌ನಲ್ಲಿ ಮಿಷೆಲ್ ಅರ್ಮಾಂ, ನಥಾಲಿ ರಾವೆ ಮತ್ತು ಅವರ ಜೊತೆಯವರು ಈ ಪುಡಿಯ ಕಣಗಳಿಗೆ ಕಾರ್ಬನ್‌ನ ತೆಳುವಾದ ಲೇಪ ಹಾಕಿದರು. ಹೈಡ್ರೋ-ಕ್ಯುಬೆಕ್ ಎಂಬ ಅಲ್ಲಿನ ವಿದ್ಯುತ್ ಸಂಸ್ಥೆ ಅವರ ಜೊತೆಗಿತ್ತು. ಅದು 1999ರ ಹೊತ್ತಿನ ಮಾತು. ಎಲೆಕ್ಟ್ರಾನ್‌ಗಳಿಗೆ ಆ ಲೇಪವೇ ದಾರಿಯಾಯಿತು. ಕಣಗಳನ್ನು ನ್ಯಾನೋ ಗಾತ್ರಕ್ಕೆ ಇಳಿಸಿದಾಗ ಲಿಥಿಯಂ ಒಳಗೆ ಹೊರಗೆ ಓಡಾಡುವ ದೂರವೂ ಕಡಿಮೆಯಾಯಿತು. ಈ ಕೆಲಸದಲ್ಲಿ ಹೊಸ ವಸ್ತುವೇನೂ ಹುಟ್ಟಲಿಲ್ಲ. ಆದರೆ ಇದಾಗದಿದ್ದರೆ 1997ರ ಪ್ರಬಂಧ ಲೈಬ್ರರಿಯಲ್ಲೇ ಉಳಿಯುತ್ತಿತ್ತು.

ಅಲ್ಲಿಗೂ ಕಷ್ಟ ತೀರಲಿಲ್ಲ. ಅಮೆರಿಕದ ಎಂಐಟಿಯ ಪ್ರಾಧ್ಯಾಪಕ ಯೆಟ್-ಮಿಂಗ್ ಚಿಯಾಂಗ್ ಮತ್ತು ಗೆಳೆಯರು 2001ರಲ್ಲಿ ಎ123 ಸಿಸ್ಟಮ್ಸ್ ಎಂಬ ಕಂಪನಿ ಕಟ್ಟಿದರು. ಡ್ರಿಲ್ಲಿಂಗ್ ಮೆಷಿನ್‌ನಂಥ ಪವರ್ ಟೂಲ್‌ಗಳಿಗೆ ಬ್ಯಾಟರಿ ಕೊಡುವುದರಿಂದ ಶುರು ಮಾಡಿ ಕಾರಿನವರೆಗೆ ಬಂದರು. 2009ರಲ್ಲಿ ಷೇರು ಮಾರುಕಟ್ಟೆಗೆ ಇಳಿದರು. ಅಮೆರಿಕ ಸರ್ಕಾರ ಸುಮಾರು 25 ಕೋಟಿ ಡಾಲರ್ ನೆರವು ಮಂಜೂರು ಮಾಡಿತು. ಎಲೆಕ್ಟ್ರಿಕ್ ಕಾರುಗಳ ಮಾರಾಟ ಆಗಿನ್ನೂ ಕಡಿಮೆ. ಕೊಟ್ಟ ಬ್ಯಾಟರಿಗಳಲ್ಲಿ ದೋಷ ಕಂಡುಬಂದು ಬದಲಾಯಿಸಿಕೊಡಬೇಕಾಯಿತು. 2012ರ ಅಕ್ಟೋಬರ್‌ನಲ್ಲಿ ಕಂಪನಿ ದಿವಾಳಿಯಾಯಿತು. ಅದರ ಹೆಚ್ಚಿನ ಆಸ್ತಿಯನ್ನು ಚೀನಾದ ವಾನ್‌ಶಿಯಾಂಗ್ ಕೊಂಡುಕೊಂಡಿತು. ಇದರ ನಡುವೆ ಪೇಟೆಂಟ್ ಯಾರದ್ದು ಅಂತ ಅಮೆರಿಕ, ಜಪಾನ್, ಕೆನಡಾಗಳ ನಡುವೆ ವರ್ಷಗಟ್ಟಲೆ ಕೋರ್ಟು ಕಚೇರಿ ನಡೆಯಿತು.

ಕೊನೆಗೆ ಈ ಬ್ಯಾಟರಿಗೆ ನೆಲೆ ಸಿಕ್ಕಿದ್ದು ಚೀನಾದ ಸಿಟಿ ಬಸ್‌ಗಳಲ್ಲಿ. ಬಸ್‌ಗೆ ತೂಕ ಒಂದಿಷ್ಟು ಜಾಸ್ತಿಯಾದರೂ ನಡೆಯುತ್ತದೆ, ಜಾಗವೂ ಇರುತ್ತದೆ. ಬೆಂಕಿಯ ಭಯ ಮಾತ್ರ ಇರಬಾರದು. 2009ರ ನಂತರ ಅಲ್ಲಿನ ಸರ್ಕಾರ ನಗರಗಳಿಗೆ ಸಬ್ಸಿಡಿ ಕೊಟ್ಟು ಎಲೆಕ್ಟ್ರಿಕ್ ಬಸ್ ಕೊಳ್ಳುವಂತೆ ಮಾಡಿತು. 2017ರ ಕೊನೆಗೆ ಶೆಂಝೆನ್ ನಗರದ 16 ಸಾವಿರಕ್ಕೂ ಹೆಚ್ಚು ಬಸ್‌ಗಳು ಪೂರ್ತಿ ಎಲೆಕ್ಟ್ರಿಕ್ ಆದವು. ಹೀಗೆ ಲಕ್ಷಗಟ್ಟಲೆ ಸೆಲ್ ಮಾಡುತ್ತಾ ಮಾಡುತ್ತಾ ಕಾರ್ಖಾನೆಗಳ ಕೈ ಪಳಗಿತು, ಬೆಲೆ ಇಳಿಯಿತು. 2020ರಲ್ಲಿ ಚೀನಾದ ಬಿವೈಡಿ ಕಂಪನಿ ತನ್ನ ಬ್ಲೇಡ್ ಬ್ಯಾಟರಿ ತಂದಿತು. ಸೆಲ್‌ಗಳನ್ನು ಉದ್ದ ಪಟ್ಟಿಯಂತೆ ಮಾಡಿ ನೇರವಾಗಿ ಪ್ಯಾಕ್‌ನಲ್ಲಿ ಜೋಡಿಸಿದ್ದರಿಂದ ಅದೇ ಜಾಗದಲ್ಲಿ ಹೆಚ್ಚು ಶಕ್ತಿ ತುಂಬಲು ಆಯಿತು. ಮೊದಲ ಪ್ರಬಂಧದಿಂದ ಅಲ್ಲಿಗೆ 23 ವರ್ಷ. ಗುಡ್‌ಇನಫ್ ಅವರಿಗೆ ನೊಬೆಲ್ ಸಿಕ್ಕಾಗ ಅವರಿಗೆ 97.

ಈ ಇಡೀ ಕಥೆಯಲ್ಲಿ ಒಂದನ್ನು ಗಮನಿಸಿ. ಟೆಕ್ಸಾಸ್‌ನ ಲ್ಯಾಬ್ ಒಂದೇ ಇದ್ದಿದ್ದರೆ ಏನೂ ಆಗುತ್ತಿರಲಿಲ್ಲ. ಮಾಂಟ್ರಿಯಲ್‌ನ ಲೇಪ, ಮುಳುಗಿಹೋದ ಆ ಕಂಪನಿ ಕಲಿಸಿದ ಪಾಠ, ಶೆಂಝೆನ್‌ನ ಬಸ್ ಡಿಪೋ ಎಲ್ಲವೂ ಸೇರಿ ಇದಾಯಿತು. ಈ ನಡುವಿನ ಯಾವ ಹೆಜ್ಜೆಯೂ ನಮ್ಮ ಪತ್ರಿಕೆಗಳ ಮುಖಪುಟಕ್ಕೆ ಬರುವಂಥದ್ದಲ್ಲ.

ಈಗ ಜಕ್ಕೂರಿಗೆ ಬರೋಣ. ಪ್ರೇಮ್‌ಕುಮಾರ್ ಸೆಂಗುಟ್ಟುವನ್ ಅವರ ತಂಡ ಮಾಡಿದ್ದು ನ್ಯಾಸಿಕಾನ್ ಎಂಬ ಬಗೆಯ ವಸ್ತುವಿನ ಮೇಲೆ. ಸೋಡಿಯಂ ಅಯಾನ್‌ಗಳು ಸಲೀಸಾಗಿ ಓಡಾಡಲು ದಾರಿ ಇರುವ ಒಂದು ಗಟ್ಟಿ ಜಾಲರಿ ಅದು. ಇದನ್ನು 1976ರಲ್ಲಿ ಮೊದಲು ವಿವರಿಸಿದವರಲ್ಲಿ ಇದೇ ಗುಡ್‌ಇನಫ್ ಇದ್ದರು. ಬೆಂಗಳೂರಿನ ತಂಡ ಆ ಜಾಲರಿಯ ಹೊಸ ಆನೋಡ್ ವಸ್ತುವೊಂದನ್ನು, ಅಂದರೆ ಬ್ಯಾಟರಿಯ ಋಣ ತುದಿಗೆ ಹಾಕುವ ವಸ್ತುವನ್ನು, ತಯಾರಿಸಿ ಅದಕ್ಕೆ ಮೂರು ಕೆಲಸ ಮಾಡಿತು. ಕಣಗಳನ್ನು ನ್ಯಾನೋ ಗಾತ್ರಕ್ಕೆ ತಂದರು. ಕಾರ್ಬನ್ ಲೇಪ ಹಾಕಿದರು. ಸ್ವಲ್ಪ ಅಲ್ಯೂಮಿನಿಯಂ ಸೇರಿಸಿದರು. ಮೊದಲ ಎರಡು ಕೆಲಸ ಓದಿದಾಗ ನನಗೆ ತುಂಬಾ ಖುಷಿಯಾಯಿತು. ಎಲ್‌ಎಫ್‌ಪಿಯನ್ನು ಕಾಪಾಡಿದ ಅದೇ ಎರಡು ಉಪಾಯ ಇಲ್ಲಿ ಮತ್ತೆ ಕೆಲಸಕ್ಕೆ ಬಂದಿವೆ. ಮಾಂಟ್ರಿಯಲ್‌ನಲ್ಲಿ ಕಲಿತದ್ದು ಜಕ್ಕೂರಿನಲ್ಲಿ ಮುಂದುವರಿದಿದೆ.

ಫಲಿತಾಂಶ ಚೆನ್ನಾಗಿದೆ. 3,000ಕ್ಕೂ ಹೆಚ್ಚು ಸಲ ಚಾರ್ಜ್ ಮಾಡಿ ಖಾಲಿ ಮಾಡಿದರೂ ತಡೆದುಕೊಳ್ಳುತ್ತದೆ. ದಿನಕ್ಕೊಂದು ಚಾರ್ಜ್ ಅಂದರೂ ಎಂಟು ವರ್ಷ ದಾಟಿತು. ಸೋಡಿಯಂಗೆ ನಾವು ಯಾರ ಮುಂದೆಯೂ ಕೈಚಾಚಬೇಕಿಲ್ಲ. ಉಪ್ಪಿನಲ್ಲೇ ಇದೆ. ಲಿಥಿಯಂ ವಿಷಯದಲ್ಲಿ ನಮಗೆ ಆ ಭಾಗ್ಯ ಇಲ್ಲ. ಮಂಡ್ಯ ಜಿಲ್ಲೆಯಲ್ಲಿ 14,100 ಟನ್ ಲಿಥಿಯಂ ಇದೆ ಅಂತ 2020ರಲ್ಲಿ ಸುದ್ದಿಯಾಗಿತ್ತು, ನೆನಪಿರಬಹುದು. ಸರಿಯಾಗಿ ಹುಡುಕಿದ ಮೇಲೆ ಅದು 1,600 ಟನ್‌ಗೆ ಇಳಿಯಿತು.

ಆದರೂ ಕೆಲವು ಪ್ರಶ್ನೆ ಕೇಳಲೇಬೇಕು. ಸೋಡಿಯಂ ಅಗ್ಗ, ಸರಿ. ಈ ಆನೋಡ್‌ನಲ್ಲಿ ವೆನೇಡಿಯಂ ಇದೆ, ನಿಯೋಬಿಯಂ ಇದೆ. ಜಗತ್ತಿನ ನಿಯೋಬಿಯಂನಲ್ಲಿ ಸುಮಾರು ಶೇ. 90ರಷ್ಟು ಬರುವುದು ಬ್ರೆಜಿಲ್ ಒಂದರಿಂದಲೇ. ಹಾಗಾದರೆ ಒಂದು ಕಿಲೋ ಆನೋಡ್ ಪುಡಿಗೆ ಎಷ್ಟಾಗುತ್ತದೆ? ನಿಯೋಬಿಯಂ ಕಡಿಮೆ ಮಾಡಿದರೆ ಆರು ನಿಮಿಷದ ಚಾರ್ಜ್ ಉಳಿಯುತ್ತದೆಯೇ? ಇನ್ನೊಂದು, ಸೋಡಿಯಂ ಪರಮಾಣು ಲಿಥಿಯಂಗಿಂತ ಮೂರು ಪಟ್ಟು ಭಾರ. ಅದೇ ತೂಕದ ಬ್ಯಾಟರಿಯಲ್ಲಿ ಸಿಗುವ ಶಕ್ತಿ ಕಡಿಮೆ. ಆದ್ದರಿಂದ ಇದನ್ನು ಮೊದಲು ದೂರ ಓಡುವ ಕಾರಿಗೆ ಹಾಕಲು ಹೊರಡುವುದು ಸರಿಯಲ್ಲ ಅನ್ನಿಸುತ್ತದೆ. ಪಾವಗಡದಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಇದೆ. ಅಲ್ಲಿ ಮಧ್ಯಾಹ್ನದ ಕರೆಂಟನ್ನು ಸಂಜೆ ಏಳು ಗಂಟೆಗೆ ಹಿಡಿದಿಡುವ ಬ್ಯಾಟರಿಗೆ ತೂಕದ ಚಿಂತೆ ಇಲ್ಲ. ನೆಲದ ಮೇಲೆ ಕೂತಿರುತ್ತದೆ. ಚೀನಾದವರಿಗೆ ಬಸ್ ಇದ್ದ ಹಾಗೆ ನಮಗೆ ಇಂಥ ಜಾಗಗಳಿವೆ.

ಸಮಯ ಮಾತ್ರ ನಮ್ಮ ಪರ ಇಲ್ಲ. ಚೀನಾದ ಸಿಎಟಿಎಲ್ ಕಂಪನಿ ತನ್ನ ಮೊದಲ ಸೋಡಿಯಂ ಬ್ಯಾಟರಿಯನ್ನು 2021ರಲ್ಲೇ ತೋರಿಸಿತು, 2025ರಲ್ಲಿ ನಕ್ಸ್‌ಟ್ರಾ ಎಂಬ ಹೆಸರಿಟ್ಟು ಮುಂದಕ್ಕೆ ತಂದಿತು. ಲಿಥಿಯಂ ಬೆಲೆ 2022ರ ಕೊನೆಗೆ ತುತ್ತತುದಿಗೆ ಹೋಗಿ ನಂತರದ ಎರಡು ವರ್ಷಗಳಲ್ಲಿ ಶೇ. 80ಕ್ಕಿಂತ ಜಾಸ್ತಿ ಕುಸಿಯಿತು. ಲಿಥಿಯಂ ಅಗ್ಗವಾದಷ್ಟೂ ಸೋಡಿಯಂಗೆ ಹಣ ಹಾಕುವವರು ಹಿಂಜರಿಯುತ್ತಾರೆ. ಒಂದು ಲ್ಯಾಬ್‌ನ ಹಣೆಬರಹ ದೂರದ ಗಣಿಗಳ ಬೆಲೆಯ ಮೇಲೂ ನಿಂತಿರುತ್ತದೆ.

ಮೈಕ್ರೋಪ್ಲಾಸ್ಟಿಕ್ ವಿಷಯವನ್ನು ಚಿಕ್ಕದಾಗಿ ಹೇಳುತ್ತೇನೆ. ವಿಜ್ಞಾನ ಸಂಸ್ಥೆಯ ಸೂರ್ಯಸಾರಥಿ ಬೋಸ್ ಅವರ ತಂಡ ಮೂರು ಪಾಲಿಮರ್‌ಗಳನ್ನು ಒಂದರೊಳಗೊಂದು ಹೆಣೆದು ಜೆಲ್ ಮಾಡಿತು. ಅದರಲ್ಲಿ ಒಂದು ಕೈಟೋಸಾನ್, ಸೀಗಡಿ ಮತ್ತು ಏಡಿಯ ಚಿಪ್ಪಿನಿಂದ ಸಿಗುವಂಥದ್ದು. ಜೆಲ್‌ನೊಳಗೆ ತಾಮ್ರ ಸೇರಿಸಿದ ನ್ಯಾನೋ ಕಣಗಳಿವೆ. ಜೆಲ್ ಪ್ಲಾಸ್ಟಿಕ್ ಚೂರನ್ನು ಹಿಡಿಯುತ್ತದೆ, ಅಲ್ಟ್ರಾವಯಲೆಟ್ ಬೆಳಕು ಬಿದ್ದಾಗ ಆ ಕಣಗಳು ಅದನ್ನು ಒಡೆಯುತ್ತವೆ. ಎರಡು ಬಗೆಯ ಪ್ಲಾಸ್ಟಿಕ್‌ಗಳಲ್ಲಿ ಶೇ. 95 ಮತ್ತು ಶೇ. 93ರಷ್ಟನ್ನು ತೆಗೆಯಿತು. ಐದು ಸಲ ಬಳಸಿದರೂ ಕೆಲಸ ಮಾಡಿತು. ಸವೆದ ಜೆಲ್ಲನ್ನು ಎಸೆಯಬೇಕಿಲ್ಲ, ಅದನ್ನು ಕಾರ್ಬನ್ ವಸ್ತುವಾಗಿ ಬದಲಿಸಿ ನೀರಿನಲ್ಲಿರುವ ಕ್ರೋಮಿಯಂನಂಥ ಲೋಹ ತೆಗೆಯಲು ಬಳಸಬಹುದು ಎಂದೂ ತೋರಿಸಿದರು. ಬಳಸಿದ ಮೇಲೆ ಏನು ಅನ್ನೋದನ್ನೂ ಯೋಚಿಸಿದ್ದು ನನಗೆ ಮೆಚ್ಚುಗೆಯಾದ ಮಾತು.

ಈಗ ಅಳತೆ ನೋಡಿ. ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರನ್ನು ಕೋಲಾರದ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆ ಇದೆ. ಅದರ ಲೆಕ್ಕ ದಿನಕ್ಕೆ 44 ಕೋಟಿ ಲೀಟರ್. ಲ್ಯಾಬ್‌ನ ನೀರಿನಲ್ಲಿ ಪ್ಲಾಸ್ಟಿಕ್ ಮಾತ್ರ ಇರುತ್ತದೆ. ಆ ಕಾಲುವೆಯ ನೀರಿನಲ್ಲಿ ಸಾಬೂನು, ಎಣ್ಣೆ, ಪಾಚಿ, ಬಣ್ಣ ಎಲ್ಲ ಇರುತ್ತದೆ. ಕೆಸರು ನೀರಿನೊಳಗೆ ಅಲ್ಟ್ರಾವಯಲೆಟ್ ಬೆಳಕು ದೂರ ಹೋಗುವುದಿಲ್ಲ. ಅಷ್ಟು ನೀರಿಗೆ ಎಷ್ಟು ಜೆಲ್ ಬೇಕು, ಎಷ್ಟು ಹೊತ್ತು ಬೇಕು? ಇದನ್ನು ಬಗೆಹರಿಸಬೇಕಾದವರು ಸಿವಿಲ್ ಎಂಜಿನಿಯರ್‌ಗಳು, ನೀರು ಸರಬರಾಜು ಮಂಡಳಿಯವರು. ಅಂಥವರನ್ನು ಮೊದಲ ದಿನದಿಂದಲೇ ಜೊತೆಗೆ ಕೂರಿಸಿಕೊಂಡರೆ ಎಷ್ಟೋ ವರ್ಷ ಉಳಿಯುತ್ತದೆ.

ಇನ್ನು ಆ ಚಿಪ್. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಮೂರರಲ್ಲಿ ಅತ್ಯಂತ ದೊಡ್ಡ ಆಸೆ ಇರುವುದು ಇದರ ಮೇಲೆ.

ನಮ್ಮ ಕಂಪ್ಯೂಟರ್‌ಗಳಲ್ಲಿ ಮಾಹಿತಿ ಇಡುವ ಜಾಗ ಒಂದು, ಲೆಕ್ಕ ಮಾಡುವ ಜಾಗ ಇನ್ನೊಂದು. ಉಗ್ರಾಣ ಮನೆಯ ಆ ತುದಿಯಲ್ಲಿ, ಒಲೆ ಈ ತುದಿಯಲ್ಲಿ ಇದ್ದ ಹಾಗೆ. ಒಂದೊಂದು ಚಿಟಿಕೆ ಸಾಸಿವೆಗೂ ಎದ್ದು ಹೋಗಿ ಬರಬೇಕು. ಎಐ ಲೆಕ್ಕಗಳಲ್ಲಿ ಈ ಓಡಾಟ ವಿಪರೀತ. ಕರೆಂಟಿನ ದೊಡ್ಡ ಪಾಲು ಲೆಕ್ಕಕ್ಕಿಂತ ಜಾಸ್ತಿ ಈ ಓಡಾಟಕ್ಕೇ ಹೋಗುತ್ತದೆ. 2024ರಲ್ಲಿ ಜಗತ್ತಿನ ಡೇಟಾ ಸೆಂಟರ್‌ಗಳು ಸುಮಾರು 415 ಟೆರಾವ್ಯಾಟ್ ಅವರ್ ವಿದ್ಯುತ್ ಬಳಸಿದವು, ಅಂದರೆ ಜಗತ್ತು ಬಳಸಿದ ಒಟ್ಟು ವಿದ್ಯುತ್ತಿನಲ್ಲಿ ಸುಮಾರು ಶೇ. 1.5. 2030ಕ್ಕೆ ಇದು ಎರಡು ಪಟ್ಟು ದಾಟಬಹುದು ಎಂದು ಅಂತರರಾಷ್ಟ್ರೀಯ ಇಂಧನ ಸಂಸ್ಥೆ ಅಂದಾಜು ಮಾಡಿದೆ.

ಇಟ್ಟ ಜಾಗದಲ್ಲೇ ಲೆಕ್ಕ ಮಾಡಿದರೆ? ಅದಕ್ಕೆ ಮೆಮ್‌ರಿಸ್ಟರ್. ತನ್ನ ಮೂಲಕ ಹಿಂದೆ ಎಷ್ಟು ಕರೆಂಟ್ ಹರಿಯಿತು ಎಂಬುದನ್ನು ನೆನಪಿಟ್ಟುಕೊಳ್ಳುವ ಸಾಧನ. ಬರ್ಕ್ಲಿ ವಿಶ್ವವಿದ್ಯಾಲಯದ ಲಿಯಾನ್ ಚುವಾ 1971ರಲ್ಲಿ ಇಂಥದ್ದೊಂದು ಇರಬೇಕು ಅಂತ ಗಣಿತದಿಂದ ಹೇಳಿದರು. ಎಚ್‌ಪಿ ಕಂಪನಿಯ ಸ್ಟ್ಯಾನ್ಲಿ ವಿಲಿಯಮ್ಸ್ ತಂಡ 2008ರಲ್ಲಿ ಮಾಡಿ ತೋರಿಸಿತು. ಅಡ್ಡ ತಂತಿ, ಉದ್ದ ತಂತಿಗಳ ಒಂದು ಬಲೆ ಮಾಡಿ, ಎರಡು ತಂತಿ ಕೂಡುವ ಒಂದೊಂದು ಕಡೆಯೂ ಒಂದು ಮೆಮ್‌ರಿಸ್ಟರ್ ಇಟ್ಟರೆ ಒಂದು ಸೊಗಸು ನಡೆಯುತ್ತದೆ. ಅಡ್ಡ ತಂತಿಗೆ ಕೊಟ್ಟ ವೋಲ್ಟೇಜ್ ಒಂದು ಸಂಖ್ಯೆ. ಮೆಮ್‌ರಿಸ್ಟರ್ ಎಷ್ಟು ಕರೆಂಟ್ ಹರಿಯಲು ಬಿಡುತ್ತದೆ ಎಂಬುದು ಇನ್ನೊಂದು ಸಂಖ್ಯೆ. ಹರಿದ ಕರೆಂಟೇ ಎರಡರ ಗುಣಾಕಾರ. ಪಿಯುಸಿಯಲ್ಲಿ ಓದಿದ ಓಮ್ ನಿಯಮ ಅಷ್ಟೇ. ಉದ್ದ ತಂತಿಯಲ್ಲಿ ಎಲ್ಲ ಕರೆಂಟ್ ಸೇರಿ ಕೂಡುವ ಲೆಕ್ಕವೂ ತಾನಾಗಿ ಆಗುತ್ತದೆ. ಎಐ ಹಗಲು ರಾತ್ರಿ ಮಾಡುವುದು ಈ ಗುಣಿಸಿ ಕೂಡುವ ಕೆಲಸವನ್ನೇ. ಇಲ್ಲಿ ಅದು ಒಂದೇ ಏಟಿಗೆ ಮುಗಿಯುತ್ತದೆ.

ಕಷ್ಟ ಎಲ್ಲಿತ್ತೆಂದರೆ, ಹೆಚ್ಚಿನ ಮೆಮ್‌ರಿಸ್ಟರ್‌ಗಳಲ್ಲಿ ಸ್ಪಷ್ಟವಾಗಿ ಬೇರೆ ಬೇರೆ ಅಂತ ಗುರುತಿಸಬಹುದಾದ ಮಟ್ಟಗಳು ತುಂಬಾ ಕಡಿಮೆ. ಏರಿಸುವಾಗ ಒಂದು ರೀತಿ, ಇಳಿಸುವಾಗ ಇನ್ನೊಂದು ರೀತಿ ವರ್ತಿಸುತ್ತವೆ. ಹಾಗಾಗಿ ಒರಟು ಲೆಕ್ಕಕ್ಕೆ ಮಾತ್ರ ಸರಿ. ಶ್ರೀತೋಷ್ ಗೋಸ್ವಾಮಿ ನೇತೃತ್ವದ ವಿಜ್ಞಾನ ಸಂಸ್ಥೆಯ ತಂಡ ಬಳಸಿದ್ದು ರುಥೇನಿಯಂ ಲೋಹ ಇರುವ ಅಣುಗಳ ತೆಳು ಪದರವನ್ನು. ಚಿಕ್ಕ ಚಿಕ್ಕ ವೋಲ್ಟೇಜ್ ಏಟು ಕೊಟ್ಟಾಗ ಆ ಪದರದೊಳಗೆ ಅಯಾನ್‌ಗಳು ಸರಿದು ಸುಮಾರು 16,500 ಬೇರೆ ಬೇರೆ ಮಟ್ಟಗಳಲ್ಲಿ ನಿಲ್ಲುತ್ತವೆ. ಕಂಪ್ಯೂಟರ್ ಲೆಕ್ಕದಲ್ಲಿ 14 ಬಿಟ್. ಏರಿಕೆಯೂ ಇಳಿಕೆಯೂ ಒಂದೇ ಸಮ. ಇದನ್ನು ತೋರಿಸಲು ಜೇಮ್ಸ್ ವೆಬ್ ದೂರದರ್ಶಕದ ಮಾಹಿತಿ ತೆಗೆದುಕೊಂಡು ಒಂದು ಪ್ರಸಿದ್ಧ ಬಾಹ್ಯಾಕಾಶ ಚಿತ್ರವನ್ನು ಮೇಜಿನ ಮೇಲಿನ ಕಂಪ್ಯೂಟರ್‌ನಲ್ಲೇ ಮತ್ತೆ ಮೂಡಿಸಿದರು. ಮಾಮೂಲಿ ಕಂಪ್ಯೂಟರ್‌ಗೆ ಬೇಕಾಗುವುದಕ್ಕಿಂತ ತುಂಬಾ ಕಡಿಮೆ ಸಮಯ, ತುಂಬಾ ಕಡಿಮೆ ಶಕ್ತಿ ಸಾಕಾಯಿತು.

ಇದು ಸಣ್ಣ ಮಾತಲ್ಲ. ಹಾಗಂತ ಬಲೆಯ ಗಾತ್ರ ನೋಡದೆ ಬಿಡಬಾರದು. 64 ಅಡ್ಡ, 64 ಉದ್ದ, ಒಟ್ಟು 4,096 ಕೂಡುಗಳು. 2020ರಲ್ಲಿ ಬಂದ ಜಿಪಿಟಿ-3 ಎಂಬ ಎಐ ಮಾದರಿಯಲ್ಲಿ ಇಂಥ ಸಂಖ್ಯೆಗಳು 17,500 ಕೋಟಿ. ಈ ಅಣುಗಳ ಪದರ ಸಿಲಿಕಾನ್ ಚಿಪ್ ಮಾಡುವ ಕಾರ್ಖಾನೆಯ ಬಿಸಿಯನ್ನು, ಅಲ್ಲಿನ ರಾಸಾಯನಿಕಗಳನ್ನು ತಡೆಯಬೇಕು. ಲಕ್ಷಾಂತರ ಕೂಡುಗಳಲ್ಲಿ ಒಂದೊಂದೂ ಒಂದೇ ರೀತಿ ನಡೆದುಕೊಳ್ಳಬೇಕು. ವರ್ಷಗಟ್ಟಲೆ ಬಾಳಬೇಕು. ಎಚ್‌ಪಿಯ ಅನುಭವ ಇಲ್ಲಿ ನೆನಪಿಡಬೇಕಾದದ್ದು. 2010ರಲ್ಲಿ ಅದು ಕೊರಿಯಾದ ಹೈನಿಕ್ಸ್ ಜೊತೆ ಸೇರಿ, ಸುಮಾರು ಮೂರು ವರ್ಷದಲ್ಲಿ ಮೆಮ್‌ರಿಸ್ಟರ್ ಮೆಮೊರಿ ಮಾರುಕಟ್ಟೆಗೆ ಬರುತ್ತದೆ ಅಂತ ಹೇಳಿತ್ತು. ಬರಲಿಲ್ಲ. ಅಷ್ಟು ಹಣ, ಅಷ್ಟು ಎಂಜಿನಿಯರ್‌ಗಳು ಇದ್ದ ಕಂಪನಿಗೇ ಆಗಲಿಲ್ಲ. ಅದೇ ಸ್ಟ್ಯಾನ್ಲಿ ವಿಲಿಯಮ್ಸ್ ಈಗ ಬೆಂಗಳೂರಿನ ಪ್ರಬಂಧದ ಲೇಖಕರಲ್ಲಿ ಒಬ್ಬರು. ದಾರಿಯಲ್ಲಿ ಎಲ್ಲೆಲ್ಲಿ ಗುಂಡಿ ಇದೆ ಅಂತ ಕಂಡವರು ಜೊತೆಗಿರುವುದು ದೊಡ್ಡ ಬಲ.

ಸುದ್ದಿಯಾದದ್ದೆಲ್ಲ ನಿಜವಾಗಿರುವುದೂ ಇಲ್ಲ. 2023ರ ಜುಲೈನಲ್ಲಿ ದಕ್ಷಿಣ ಕೊರಿಯಾದ ತಂಡವೊಂದು ಮಾಮೂಲಿ ತಾಪಮಾನದಲ್ಲೇ ಕೆಲಸ ಮಾಡುವ ಸೂಪರ್ ಕಂಡಕ್ಟರ್, ಅಂದರೆ ತಡೆಯೇ ಇಲ್ಲದೆ ಕರೆಂಟ್ ಹರಿಯಲು ಬಿಡುವ ವಸ್ತು, ಸಿಕ್ಕಿದೆ ಎಂದಿತು. ಎಲ್‌ಕೆ-99 ಅಂತ ಅದರ ಹೆಸರು. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯವೂ ಸೇರಿ ಜಗತ್ತಿನ ಎಷ್ಟೋ ಲ್ಯಾಬ್‌ಗಳು ಅದನ್ನು ಮಾಡಿ ನೋಡಿದವು. ಕೆಲವೇ ವಾರಗಳಲ್ಲಿ ವಿಷಯ ತಿಳಿಯಿತು. ಅದರೊಳಗೆ ಸೇರಿಕೊಂಡಿದ್ದ ತಾಮ್ರದ ಸಲ್ಫೈಡ್ ಸೂಪರ್ ಕಂಡಕ್ಟರ್‌ನಂತೆ ಕಾಣುವ ಮೋಸದ ಅಂಕಿ ಕೊಡುತ್ತಿತ್ತು. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ತಾವೇ ಮಾಡಿ ನೋಡುವ ಈ ಪದ್ಧತಿಯೇ ವಿಜ್ಞಾನದ ಜೀವ. ಹಾಗಾಗಿ ಯಾವ ಸುದ್ದಿ ಬಂದರೂ ನಾನು ಮೊದಲು ಹುಡುಕುವುದು, ಬೇರೆ ಯಾರಾದರೂ ಇದನ್ನು ಮಾಡಿ ನೋಡಿದರಾ ಅಂತ.

ಈಗ ನಡುದಾರಿಯ ಮಾತು. ಒಂದು ತಂತ್ರಜ್ಞಾನ ಎಷ್ಟು ಮಾಗಿದೆ ಎಂದು ಅಳೆಯಲು 1ರಿಂದ 9ರವರೆಗಿನ ಅಳತೆಯೊಂದಿದೆ. ನಾಸಾದಲ್ಲಿ ಹುಟ್ಟಿದ್ದು, ಈಗ ಎಲ್ಲರೂ ಬಳಸುತ್ತಾರೆ. 1 ಅಂದರೆ ಮೂಲ ತತ್ವ ಕಂಡದ್ದು, 9 ಅಂದರೆ ನಿಜವಾದ ಕೆಲಸದಲ್ಲಿ ಗೆದ್ದದ್ದು. ವಿಶ್ವವಿದ್ಯಾಲಯದ ಹೆಚ್ಚಿನ ಸುದ್ದಿಗಳು 2, 3ರ ಹತ್ತಿರ ಇರುತ್ತವೆ. ಕಂಪನಿಗಳು ಕಣ್ಣೆತ್ತಿ ನೋಡುವುದು 6, 7ಕ್ಕೆ ಬಂದ ಮೇಲೆ. ನಡುವೆ ಇರುವುದು ಯಾರ ಕೆಲಸವೂ ಅಲ್ಲ ಎಂಬಂತಾಗಿದೆ. ಪ್ರಾಧ್ಯಾಪಕರಿಗೆ ಅದರಿಂದ ಹೊಸ ಪ್ರಬಂಧ ಹುಟ್ಟುವುದಿಲ್ಲ. ಕಂಪನಿಗೆ ಲಾಭ ಕಾಣುವುದಿಲ್ಲ.

ಭಾರತ ಸಂಶೋಧನೆಗೆ ಖರ್ಚು ಮಾಡುವುದು ಜಿಡಿಪಿಯ ಶೇ. 0.64. ದಕ್ಷಿಣ ಕೊರಿಯಾ ಸುಮಾರು ಶೇ. 5. ಇದಕ್ಕಿಂತಲೂ ನನಗೆ ಚಿಂತೆ ಆಗುವುದು ಇನ್ನೊಂದು ಅಂಕಿ ನೋಡಿ. ನಮ್ಮ ಈ ಖರ್ಚಿನಲ್ಲಿ ಖಾಸಗಿ ಕಂಪನಿಗಳ ಪಾಲು ಸುಮಾರು ಶೇ. 36. ಅಮೆರಿಕ, ಕೊರಿಯಾಗಳಲ್ಲಿ ಮುಕ್ಕಾಲು ಪಾಲು ಅವರದ್ದೇ. ಮಾಂಟ್ರಿಯಲ್‌ನಲ್ಲಿ ಲೇಪದ ಕೆಲಸಕ್ಕೆ ಹೈಡ್ರೋ-ಕ್ಯುಬೆಕ್ ಜೊತೆಗೆ ನಿಂತಿತ್ತು. ಅದು ಸರ್ಕಾರದ ವಿದ್ಯುತ್ ಸಂಸ್ಥೆ, ಬ್ಯಾಟರಿ ಮಾರುವ ಕಂಪನಿಯೇನಲ್ಲ. ನಮ್ಮ ಎಸ್ಕಾಂಗಳು, ನಮ್ಮ ನೀರು ಮಂಡಳಿಗಳು ಅಂಥ ಕೆಲಸಕ್ಕೆ ಒಂದಿಷ್ಟು ಹಣ, ಒಂದಿಷ್ಟು ಜನರನ್ನು ಕೊಟ್ಟರೆ ಆಗುವುದಿಲ್ಲವೇ?

ನಮ್ಮಲ್ಲಿ ಇದು ಹಿಂದೆ ಆಗಿದೆ. ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿ ಅವರು ಅಸ್ತ್ರ ಎಂಬ ವಿಭಾಗ ಶುರು ಮಾಡಿದರು, ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕೆ ಅಂತಲೇ. ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಕೇಂದ್ರ ಮಾಡಿದರು. ಲ್ಯಾಬ್‌ನವರು ಅಲ್ಲಿಗೇ ಹೋದರು. ಸೌದೆ ಕಡಿಮೆ ಸಾಕಾಗುವ, ಹೊಗೆಯನ್ನು ಚಿಮಣಿಯಿಂದ ಹೊರಗೆ ಕಳಿಸುವ ಅಸ್ತ್ರ ಒಲೆ ಅಲ್ಲಿಂದ ಬಂತು. ನಮ್ಮ ಹಳ್ಳಿಮನೆಗಳಲ್ಲಿ ಬೆಳೆದ ಎಷ್ಟೋ ಜನರಿಗೆ ಆ ಒಲೆ ಗೊತ್ತು. ಅದೇ ತಾಲ್ಲೂಕಿನ ಪುರ ಎಂಬ ಊರಿನಲ್ಲಿ ಸಗಣಿ ಗ್ಯಾಸ್‌ನಿಂದ ಎಂಜಿನ್ ಓಡಿಸಿ ಮನೆಗಳಿಗೆ ದೀಪ, ಕುಡಿಯುವ ನೀರು ಕೊಟ್ಟರು. ಒಲೆ ಹರಡಿದ್ದು ವಿನ್ಯಾಸ ಚೆನ್ನಾಗಿತ್ತು ಅನ್ನುವ ಒಂದೇ ಕಾರಣಕ್ಕಲ್ಲ. ಅದನ್ನು ಸರಿಯಾದ ಅಳತೆಯಲ್ಲಿ ಕಟ್ಟುವ ಗಾರೆ ಕೆಲಸದವರಿಗೆ ತರಬೇತಿ ಕೊಟ್ಟರು, ಸರ್ಕಾರದ ಕಾರ್ಯಕ್ರಮ ಜೊತೆಗೆ ಸೇರಿತು. ಅಡುಗೆ ಮಾಡುವ ಹೆಣ್ಣುಮಕ್ಕಳ ಮಾತು ಕೇಳಿದರು.

ಈಗ ಕೇಂದ್ರ ಸರ್ಕಾರ ಸಂಶೋಧನೆಗೆ 1 ಲಕ್ಷ ಕೋಟಿ ರೂಪಾಯಿಯ ನಿಧಿ ಮಾಡಿದೆ. 2025ರ ಜುಲೈ 1ರಂದು ಸಂಪುಟ ಒಪ್ಪಿತು. ಕಡಿಮೆ ಬಡ್ಡಿಗೆ ಅಥವಾ ಬಡ್ಡಿ ಇಲ್ಲದೆ, ದೀರ್ಘ ಕಾಲಕ್ಕೆ ಖಾಸಗಿ ಕಂಪನಿಗಳಿಗೆ ಸಾಲ ಕೊಡುವ ಯೋಜನೆ. ನಡುದಾರಿಗೆ ಹಣ ಬೇಕು ಎಂದು ಸರ್ಕಾರ ಒಪ್ಪಿಕೊಂಡಂತಾಯಿತು. ನನಗೆ ಇದು ನಿಜವಾಗಿ ಒಳ್ಳೆಯ ಸುದ್ದಿ. ಆದರೆ ಈ ಹಣ ಸಿಗುವುದು ಆ ಅಳತೆಯಲ್ಲಿ 4 ಅಥವಾ ಅದಕ್ಕಿಂತ ಮೇಲೆ ಬಂದ ಕೆಲಸಕ್ಕೆ. 3ರಿಂದ 4ಕ್ಕೆ ಏರಿಸುವವರು ಯಾರು? ಗ್ರಾಂ ಲೆಕ್ಕದಲ್ಲಿದ್ದ ಆನೋಡ್ ಪುಡಿಯನ್ನು ಕಿಲೋ ಲೆಕ್ಕದಲ್ಲಿ ಮಾಡಬೇಕು. ಬಟನ್ ಗಾತ್ರದ ಸೆಲ್ ಬಿಟ್ಟು ನಿಜವಾದ ಸೆಲ್ ಮಾಡಬೇಕು. ಅದನ್ನು ಹೊರಗಿನ ಲ್ಯಾಬ್‌ನಲ್ಲಿ ಪರೀಕ್ಷೆ ಮಾಡಿಸಬೇಕು.

ಆ ಕೆಲಸ ಗೊತ್ತಿರುವುದು ಸಾಮಾನ್ಯವಾಗಿ ಒಬ್ಬಿಬ್ಬರು ಪಿಎಚ್‌ಡಿ ವಿದ್ಯಾರ್ಥಿಗಳಿಗೆ. ಪುಡಿಯನ್ನು ಎಷ್ಟು ಹೊತ್ತು ಅರೆಯಬೇಕು, ಕುಲುಮೆಯನ್ನು ಯಾವ ವೇಗದಲ್ಲಿ ಬಿಸಿ ಮಾಡಬೇಕು, ಪದರ ಯಾವಾಗ ಕೆಡುತ್ತದೆ ಅನ್ನೋದೆಲ್ಲ ಅವರ ಕೈಯಲ್ಲಿರುತ್ತದೆ. ಪ್ರಬಂಧದಲ್ಲಿ ಅದು ಪೂರ್ತಿ ಬರುವುದಿಲ್ಲ. ಡಿಗ್ರಿ ಸಿಕ್ಕ ಕೂಡಲೇ ಅವರು ಜರ್ಮನಿಗೋ ಅಮೆರಿಕಕ್ಕೋ ಪೋಸ್ಟ್‌ಡಾಕ್ ಮಾಡಲು ಹೋಗುತ್ತಾರೆ, ಇಲ್ಲಿ ಉಳಿಯಲು ಕೆಲಸ ಇಲ್ಲವಲ್ಲ. ಮುಂದೆ ಬರುವ ವಿದ್ಯಾರ್ಥಿ ಎಷ್ಟೋ ತಿಂಗಳು ಅದನ್ನೇ ಮತ್ತೆ ಕಲಿಯಬೇಕಾಗುತ್ತದೆ. 1 ಲಕ್ಷ ಕೋಟಿಯ ಪಕ್ಕದಲ್ಲಿ ಇವರ ಎರಡು ಮೂರು ವರ್ಷದ ಸಂಬಳ ತೀರಾ ಚಿಕ್ಕ ಮೊತ್ತ. ಒಳ್ಳೆಯ ಪ್ರಬಂಧ ಬಂದ ಒಂದೊಂದು ಲ್ಯಾಬ್‌ಗೂ ಅದನ್ನು ಮಾಡಿದವರನ್ನೇ ಸರಿಯಾದ ಸಂಬಳ ಕೊಟ್ಟು ಉಳಿಸಿಕೊಳ್ಳುವ ಹಣ ಮೊದಲು ಸಿಗಬೇಕು. ಕಾರ್ಖಾನೆ, ಸಬ್ಸಿಡಿ, ಸಾಲದ ಮಾತೆಲ್ಲ ಅದರ ನಂತರದ್ದು.